ಕಪಾಟಿನ ಹಿಂದಿನ ಬೂಷ್ಟು

ಮಡಿಕೇರಿ, ಭಾಗಮಂಡಲದ ಕಡೆ ಜುಲೈ ಬಂತೆಂದರೆ ಬೆಲ್ಟು, ಚಪ್ಪಲಿ, ಕಪಾಟಿನ ಹಿಂಬದಿ ಎಲ್ಲಕ್ಕೂ ಬೂಷ್ಟು. ಒಣ ಬಟ್ಟೆಯಲ್ಲಿ ಝಾಡಿಸಬೇಡಿ, ಬೂಷ್ಟಿನ ಬೀಜಕಣ ಮನೆಯೆಲ್ಲ ಹಾರುತ್ತದೆ. ಫ್ಯಾನ್ ಆರಿಸಿ, ಎನ್‌95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿ, ಮೊದಲು ನೀರು ಚಿಮುಕಿಸಿ.

ಟೈಲ್ಸ್, ಗಾಜು, ಆಯಿಲ್ ಪೇಂಟಿಗೆ ಸೋಪುಪುಡಿ ಬೆರೆಸಿದ ಬಿಸಿನೀರು, ಬ್ರಶ್ ಸಾಕು. ಬ್ಲೀಚ್ ಬೇಕೇಬೇಕೆಂದರೆ ಲೀಟರ್ ನೀರಿಗೆ 60 ಮಿ.ಲೀ. ಹಾಕಿ, ಕಿಟಕಿ ತೆರೆದಿಡಿ. ಅದಕ್ಕೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಹುಷಾರು. ಮರಕ್ಕೆ ಬ್ಲೀಚ್ ದಂಡ: ಮೇಲಿನ ಕಲೆ ಹೋಗುತ್ತದೆ, ಒಳಗೆ ಇಳಿದದ್ದು ಹಾಗೇ ಉಳಿಯುತ್ತದೆ. ಸೋಪುನೀರಿನ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಫ್ಯಾನ್ ಕೆಳಗೆ ಒಣಗಿಸಿ. ಬೂಷ್ಟು ಹಿಡಿದ ಹತ್ತಿ ದಿಂಬನ್ನು ಎಸೆಯುವುದೇ ವಾಸಿ.

ಬೂಷ್ಟಿನ ಮೇಲೇ ಪೇಂಟ್ ಹೊಡೆಸಿದರೆ ಮುಂದಿನ ಮಳೆಗೆ ಹಪ್ಪಳದಂತೆ ಏಳುತ್ತದೆ. ಒಡೆದ ಹೆಂಚು, ಸೋರುವ ಪೈಪು ಮೊದಲು ಸರಿಯಾಗಲಿ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಬೇಕು.

ಕಪಾಟು ಗೋಡೆಯಿಂದ ಮೂರು ಇಂಚು ದೂರವಿರಲಿ. ಜಡಿಮಳೆಯಲ್ಲಿ ಗಾಳಿಯಾಡಲೆಂದು ಕಿಟಕಿ ತೆರೆದರೆ ತೇವವೇ ಒಳಗೆ ಬರುತ್ತದೆ, ಹೊಳವಾದಾಗ ತೆರೆಯಿರಿ. ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕಬೇಡಿ. ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇದ್ದರೆ ಕೋಣೆಯ ತೇವಾಂಶ ಶೇ. 60ರ ಒಳಗೆ ನಿಲ್ಲಿಸಿ.