ಆಲೂಗಡ್ಡೆ ಮೂಟೆಯ ಲೆಕ್ಕ ಉಪಗ್ರಹಕ್ಕೆ ನಡೆಯಲಿಲ್ಲ

ಹಾಸನದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಇಲ್ಲಿ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, ಇದೆ. 1982ರಲ್ಲಿ ಶುರುವಾದದ್ದು. ಅದರ ದೊಡ್ಡ ಡಿಶ್‌ಗಳನ್ನು ನೋಡುತ್ತಾ ಬೆಳೆದ ಮಕ್ಕಳಿಗೆ ಉಪಗ್ರಹ ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ.

ಅವತ್ತು ಆಲೂಗಡ್ಡೆ ಮೂಟೆಯಿಂದ ಶುರು ಮಾಡಿದೆ. 50 ಕೆಜಿ ಮೂಟೆಯನ್ನು ನೆಲದಿಂದ 1.2 ಮೀಟರ್ ಎತ್ತಿ ಲಾರಿಗೆ ಹಾಕಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ 588 ಜೂಲ್. ಎಂಜಿಹೆಚ್, ಅಂದರೆ ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸುವುದು, ಅಷ್ಟೇ. ಅದೇ ಓಟದಲ್ಲಿ 1 ಕೆಜಿಯನ್ನು ಭೂಸ್ಥಿರ ಉಪಗ್ರಹದ (ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುವಂಥದ್ದು) ಎತ್ತರಕ್ಕೆ, ಅಂದರೆ ಸುಮಾರು 36,000 ಕಿ.ಮೀ. ಮೇಲಕ್ಕೆ ಒಯ್ಯಲು 353 ಮೆಗಾಜೂಲ್ ಅಂತ ಬೋರ್ಡಿನ ಮೇಲೆ ಬರೆದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ನಿನ್ನೆ ಎಸ್ಕೇಪ್ ವೆಲಾಸಿಟಿ ಸೆಕೆಂಡಿಗೆ 11.2 ಕಿ.ಮೀ. ಅಂದ್ರಲ್ಲ? ಅದನ್ನ ಚಲನಶಕ್ತಿ ಸೂತ್ರಕ್ಕೆ, ಅರ್ಧ ಎಂವಿ ಸ್ಕ್ವೇರ್‌ಗೆ ಹಾಕಿದ್ರೆ 1 ಕೆಜಿಗೆ 62.7 ಮೆಗಾಜೂಲ್ ಬರುತ್ತೆ. ಅಷ್ಟರಲ್ಲೇ ಭೂಮಿನೇ ಬಿಟ್ಟು ಹೋಗಬಹುದಾದ್ರೆ, ಅರ್ಧ ದಾರಿಗೆ 353 ಯಾಕೆ?"

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಅವಳು ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು. ತರಗತಿಗೆ ಹಾಗೇ ಹೇಳಿದೆ.

ಮುಳ್ಳಯ್ಯನಗಿರಿ ತುದಿಗೆ, 1,930 ಮೀಟರಿಗೆ, ಎಂಜಿಹೆಚ್ ಧಾರಾಳವಾಗಿ ಸಾಕು. ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ಮಾತ್ರ ಜಾಸ್ತಿ ಬರುತ್ತದೆ, ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ನೆಲದಿಂದ 6,400 ಕಿ.ಮೀ. ಹೋದರೆ ಭೂಮಿಯ ಕೇಂದ್ರದಿಂದ ದೂರ ಎರಡರಷ್ಟಾಗಿ, ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ನಾನು ಪೂರ್ತಿ ದಾರಿಗೂ ನೆಲದ ತೂಕವನ್ನೇ ಹೊರಿಸಿದ್ದೆ. ದಾರಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಆಯಾ ಜಾಗದ ತೂಕದಿಂದ ಗುಣಿಸಿ ಕೂಡಿಸಬೇಕು. ಇಂಟಿಗ್ರೇಷನ್ ಮಾಡುವುದು ಅದನ್ನೇ ಅಲ್ವಾ? ಕೊನೆಗೆ ಸಿಗುವುದು, ಎಂಜಿಹೆಚ್ ಅನ್ನು ಆರ್‌ನಿಂದ ಗುಣಿಸಿ, ಆರ್ ಮತ್ತು ಹೆಚ್ ಕೂಡಿಸಿದ ಮೊತ್ತದಿಂದ ಭಾಗಿಸಿದಷ್ಟು. ಇಲ್ಲಿ ಆರ್ ಅಂದರೆ ಭೂಮಿಯ ತ್ರಿಜ್ಯ, ಹೆಚ್ ಅಂದರೆ ನೆಲದಿಂದ ಎತ್ತರ. 353ನ್ನು 6,400ರಿಂದ ಗುಣಿಸಿ 42,400ರಿಂದ ಭಾಗಿಸಿದೆವು. ಸುಮಾರು 53 ಮೆಗಾಜೂಲ್ ಬಂತು.

"ಹಾಗಾದ್ರೆ 53 ಇದ್ರೆ ಉಪಗ್ರಹ ಅಲ್ಲಿ ನಿಲ್ಲುತ್ತಾ?" ಅಂತ ಇನ್ನೊಬ್ಬ ಕೇಳಿದ. ಇಲ್ಲ. ಅಲ್ಲಿ ಸೆಕೆಂಡಿಗೆ 3.07 ಕಿ.ಮೀ. ವೇಗದಲ್ಲಿ ಸುತ್ತಬೇಕು, ಅದಕ್ಕೆ 1 ಕೆಜಿಗೆ ಇನ್ನೂ 4.7 ಮೆಗಾಜೂಲ್ ಚಲನಶಕ್ತಿ ಬೇಕು. ಗಾಳಿಯ ತಡೆ, ರಾಕೆಟ್ಟು ಹೊರುವ ಇಂಧನದ ಭಾರ ಇದರಲ್ಲಿ ಸೇರಿಲ್ಲ.

ಈಗ ಸೂತ್ರ ಮುಟ್ಟುವ ಮೊದಲು ಮಕ್ಕಳಿಂದ ಎರಡು ಅಂಕಿ ಬರೆಸುತ್ತೇನೆ. ಹೊರಟಲ್ಲಿ ತೂಕ ಎಷ್ಟು, ಮುಟ್ಟಿದಲ್ಲಿ ಎಷ್ಟು. ಲಾರಿ ಮೇಲೆ 50 ಕೆಜಿ ಇದ್ದ ಮೂಟೆಯ ಮೇಲೆ 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಎಳೆತ, ನೆಲದ ಮೇಲಿನ 1.1 ಕೆಜಿಗೆ ಇರುವಷ್ಟೇ.