ಹೆಪ್ಪು ಇಡಿಯಾಗಿ ಬರುವುದೋ, ಹರಿಯುವುದೋ

ಮಿದುಳಿನ ದೊಡ್ಡ ಧಮನಿಯೊಂದರಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ಪಾರ್ಶ್ವವಾಯು ಬಡಿದಾಗ, ತೊಡೆಸಂದಿನ ಧಮನಿಯಿಂದ ಸಪೂರ ಕೊಳವೆಯನ್ನು ತೂರಿಸಿ ಆ ಹೆಪ್ಪನ್ನೇ ಹೊರಗೆಳೆಯುವ ಚಿಕಿತ್ಸೆಗೆ ಥ್ರಾಂಬೆಕ್ಟಮಿ ಎನ್ನುತ್ತಾರೆ. ನೆದರ್ಲೆಂಡ್ಸಿನ ಎಂಆರ್ ಕ್ಲೀನ್ ಸೇರಿದಂತೆ ಐದು ದೊಡ್ಡ ಪ್ರಯೋಗಗಳ ಫಲಿತಾಂಶಗಳು 2015ರ ಹೊತ್ತಿಗೆ ಒಂದರ ಹಿಂದೊಂದು ಹೊರಬಿದ್ದ ಮೇಲೆ ಅದು ಜಗತ್ತಿನೆಲ್ಲೆಡೆ ನೆಲೆಯೂರಿತು. ಆದರೂ ಮೊದಲ ಯತ್ನದಲ್ಲೇ ಹೆಪ್ಪು ಇಡಿಯಾಗಿ ಬಂದೀತೆಂಬ ಖಾತರಿ ಇಂದಿಗೂ ಇಲ್ಲ. ಏಕಿಲ್ಲ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಬಲವಿಜ್ಞಾನದಲ್ಲಿದೆ.

ಹೆಪ್ಪನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ, ಇಲ್ಲವೇ ಸ್ಟೆಂಟ್ ಎಂಬ ಲೋಹದ ಜಾಲರಿಯಲ್ಲಿ ಸಿಕ್ಕಿಸಿ ಎಳೆಯುತ್ತಾರೆ. ಹೀರುಕೊಳವೆಯ ಒಳವ್ಯಾಸ 1.8 ಮಿ.ಮೀ. ಎಂದಿಟ್ಟುಕೊಳ್ಳೋಣ. ಪಂಪು ಪೂರ್ಣ ನಿರ್ವಾತವನ್ನೇ ಕೊಟ್ಟರೂ ಕೊಳವೆಯ ಬಾಯಲ್ಲಿ ಹುಟ್ಟುವ ಸೆಳೆತ ಸುಮಾರು ಕಾಲು ನ್ಯೂಟನ್, ಎಂದರೆ 25 ಗ್ರಾಂ ತೂಕದಷ್ಟು ಮಾತ್ರ. ನಾಳದ ಗೋಡೆಗೆ ಅಂಟಿಕೊಂಡ ಹೆಪ್ಪನ್ನು ಅಷ್ಟರಲ್ಲೇ ಬಿಡಿಸಬೇಕು.

ಹೆಪ್ಪುಗಳೆಲ್ಲ ಒಂದೇ ಬಗೆಯವಲ್ಲ. ಕೆಂಪು ರಕ್ತಕಣಗಳೇ ತುಂಬಿರುವ ಹೆಪ್ಪು ಗಿಣ್ಣಿನಂತೆ ಮೆತ್ತಗಿದ್ದು ಎಳೆದಾಗ ಚೂರಾಗುತ್ತದೆ, ಆ ಚೂರು ರಕ್ತದೊಂದಿಗೆ ಮುಂದೆ ಸಾಗಿ ಇನ್ನೊಂದು ಸಣ್ಣ ನಾಳವನ್ನು ಮುಚ್ಚಬಹುದು. ರಕ್ತ ಹೆಪ್ಪುಗಟ್ಟುವಾಗ ಬಲೆಯಂತೆ ಹೆಣೆದುಕೊಳ್ಳುವ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಚ್ಚಿರುವ ಹೆಪ್ಪು ಗಡುಸು. ಗೋಡೆಯೊಂದಿಗಿನ ಅದರ ಘರ್ಷಣೆಯೂ ಹೆಚ್ಚು, ಸ್ಟೆಂಟಿನ ಜಾಲರಿ ಅದರೊಳಕ್ಕೆ ಇಳಿಯುವುದೂ ಕಷ್ಟ. ಒಂದೊಂದು ಫೈಬ್ರಿನ್ ಎಳೆ ಕಡಿಯುವ ಮುನ್ನ ತನ್ನ ಮೂಲ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗಬಲ್ಲದು ಎಂದು ತಿಳಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಇದನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟುವ ದೊಡ್ಡ ಪ್ರಯತ್ನ ಯುರೋಪಿನ ಇನ್ಸಿಸ್ಟ್ ಯೋಜನೆ. ಅದರಲ್ಲಿ ಮಿಲಾನಿನ ಪಾಲಿಟೆಕ್ನಿಕ್‌ನವರು ಧಮನಿಯ ಅಂಕುಡೊಂಕು, ನಿಟಿನಾಲ್ ಎಂಬ ಮಿಶ್ರಲೋಹದ ಸ್ಟೆಂಟು ಮತ್ತು ಹೆಪ್ಪು ಮೂರನ್ನೂ ಪುಟ್ಟ ಪುಟ್ಟ ಘಟಕಗಳಾಗಿ ವಿಭಜಿಸಿ, ಸ್ಟೆಂಟು ಅರಳುವುದರಿಂದ ಹಿಡಿದು ಹೆಪ್ಪು ಹೊರಬರುವವರೆಗಿನ ಹಂತಗಳನ್ನು ಲೆಕ್ಕಹಾಕಿ ತೋರಿಸಿದರು. ಹೆಪ್ಪನ್ನು ರಬ್ಬರಿನ ಸಮೀಕರಣಗಳಿಂದ ವರ್ಣಿಸುವುದು ರೂಢಿ. ಒತ್ತಿದಾಗಿನ ವರ್ತನೆಗೆ ಅವು ತಕ್ಕಮಟ್ಟಿಗೆ ಒದಗುತ್ತವೆ. ಆದರೆ ರೋಗಿಯ ಪಾಲಿಗೆ ನಿರ್ಣಾಯಕವಾದದ್ದು ಹೆಪ್ಪು ಎಲ್ಲಿ, ಎಷ್ಟು ಸೆಳೆತಕ್ಕೆ ಹರಿದು ತುಂಡಾಗುತ್ತದೆ ಎಂಬುದು. ಬಿರುಕಿನ ಲೆಕ್ಕವಿಲ್ಲದ ಮಾದರಿ, ಚಿತ್ರ ಎಷ್ಟೇ ಸೊಗಸಾಗಿದ್ದರೂ, ಅರ್ಧ ಮಾದರಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2025ರಲ್ಲಿ ಸ್ಟ್ಯಾನ್‌ಫರ್ಡಿನ ರೆನೀ ಝಾವೋ ಅವರ ತಂಡ ಪ್ರಕಟಿಸಿದ ಮಿಲಿ-ಸ್ಪಿನ್ನರ್ ಈ ತೊಡಕನ್ನು ಬೇರೆ ದಾರಿಯಿಂದಲೇ ಬಿಡಿಸಹೊರಟಿದೆ. ರೆಕ್ಕೆ ಮತ್ತು ಸೀಳುಗಳುಳ್ಳ ಆ ಟೊಳ್ಳು ಕೊಳವೆ ವೇಗವಾಗಿ ತಿರುಗುತ್ತ ಹೆಪ್ಪನ್ನು ಒತ್ತುತ್ತದೆ, ಜೊತೆಗೇ ತಿರುಚುತ್ತದೆ. ಫೈಬ್ರಿನ್ ಎಳೆಗಳು ಬಿಗಿಯಾಗಿ ಸುತ್ತಿಕೊಂಡು ಉಂಡೆಯಾಗುತ್ತವೆ, ನಡುವೆ ಸಿಕ್ಕಿದ್ದ ಕೆಂಪು ಕಣಗಳು ಬಿಡುಗಡೆಯಾಗುತ್ತವೆ. ಹೆಪ್ಪಿನ ಗಾತ್ರ ಶೇ. 95ರವರೆಗೂ ಕುಗ್ಗಬಹುದೆಂದು ಅವರು ತೋರಿಸಿದ್ದಾರೆ. ಹರಿಯದಂತೆ ಎಳೆಯುವುದು ಹೇಗೆಂಬ ಪ್ರಶ್ನೆಯ ಬದಲು ಎಳೆಯುವ ಮೊದಲೇ ಕುಗ್ಗಿಸುವುದು ಹೇಗೆಂದು ಕೇಳಿದ್ದು ಇಲ್ಲಿನ ಹೆಚ್ಚುಗಾರಿಕೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಿದುಳಿನೊಳಗಿನ ಧಮನಿಯೇ ಕೊಬ್ಬಿನ ಪದರದಿಂದ ಕಿರಿದಾಗಿ, ಹೆಪ್ಪು ಅಲ್ಲಿಯೇ ಕಟ್ಟಿಕೊಳ್ಳುವ ಪ್ರಕರಣಗಳು ಪಾಶ್ಚಾತ್ಯರಿಗಿಂತ ಭಾರತವೂ ಸೇರಿದಂತೆ ಏಷ್ಯಾದವರಲ್ಲಿ ಹೆಚ್ಚು. ಅಂಥಲ್ಲಿ ಹೆಪ್ಪನ್ನು ತೆಗೆದರೂ ಇಕ್ಕಟ್ಟು ಉಳಿಯುತ್ತದೆ, ನಾಳ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆಯೂ ಇರುತ್ತದೆ. ನುಣುಪಾದ ಆರೋಗ್ಯವಂತ ಗೋಡೆಯನ್ನು ಊಹಿಸಿಕೊಂಡ ಮಾದರಿ ಇಂಥ ರೋಗಿಯ ಬಗ್ಗೆ ಹೆಚ್ಚೇನನ್ನೂ ಹೇಳಲಾರದು. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಎರಡೂ ಬೆಂಗಳೂರಿನಲ್ಲೇ ಇರುವಾಗ, ಹೊರತೆಗೆದ ಹೆಪ್ಪುಗಳನ್ನು ತಾಜಾ ಇರುವಾಗಲೇ ಎಳೆದು, ಒತ್ತಿ ಅಳೆದು, ಇಂಥ ಕಿರಿದಾದ ನಾಳಗಳಿಗೆಂದೇ ಮಾದರಿ ಕಟ್ಟುವ ಕೆಲಸ ಈ ಊರಿನಲ್ಲಿ ನಡೆಯಬೇಕೆಂದು ಮನಸಾರೆ ಬಯಸುತ್ತೇನೆ.