ನೂರು ರಿಯಾಲ್ ಅಂದರೆ ಎಷ್ಟು? ಮೊರಾಕೊ ಕಲಿಸಿದ್ದು

ನಾನು ಟೂರ್ ಮ್ಯಾನೇಜರ್. ಮೊದಲ ಸಲ ಮೊರಾಕೊಗೆ ಹೊರಟಾಗ ಗುಂಪಿನ ಎಲ್ಲರಿಗೂ ಒಂದು ಹಾಳೆ ಹಂಚಿದ್ದೆ. ಅದರಲ್ಲಿ ಇಪ್ಪತ್ತು ಅರಬ್ಬಿ ಮಾತುಗಳಿದ್ದವು, ಕನ್ನಡ ಲಿಪಿಯಲ್ಲಿ. ಎಲ್ಲವೂ ಪುಸ್ತಕದ ಅರಬ್ಬಿ, ಟಿವಿಯಲ್ಲಿ ಸುದ್ದಿ ಓದುವ ಅರಬ್ಬಿ.

ಮರಾಕೆಶ್‌ನ ಬೀದಿಯಲ್ಲಿ ಮಾತಾಡುವುದು ದಾರಿಜಾ. ಅದು ಮೊರಾಕೊದವರ ಆಡುಮಾತಿನ ಅರಬ್ಬಿ. ಹಾಳೆಯಲ್ಲಿ ಎರಡಕ್ಕೆ ‘ಇಥ್ನಾನ್’ ಅಂತ ಬರೆದಿದ್ದೆ, ಅಲ್ಲಿ ಎಲ್ಲರೂ ಹೇಳುವುದು ‘ಜೂಜ್’. ಎಷ್ಟು ಅಂತ ಕೇಳಲು ‘ಬ್‌ಶ್‌ಹಾಲ್’, ಸರಿ ಅನ್ನಲು ‘ವಾಖಾ’, ಸಾಕು ಅನ್ನಲು ‘ಸಾಫಿ’. ಇದ್ಯಾವುದೂ ನನ್ನ ಹಾಳೆಯಲ್ಲಿ ಇರಲಿಲ್ಲ.

ಸಂತೆಯಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು ಆಲಿವ್ ಕೊಳ್ಳಲು ನಿಂತರು. ಮಾರುವ ಅಜ್ಜ ‘ಮ್ಯಾತ್ ರಿಯಾಲ್’ ಅಂದ. ನೂರು ಅನ್ನುವುದಷ್ಟೇ ನನಗೆ ತಿಳಿಯಿತು. ಮೊರಾಕೊದ ಹಣ ದಿರ್ಹಮ್, ಹಾಗಾಗಿ ನೂರು ದಿರ್ಹಮ್ ಅಂದುಕೊಂಡೆ. “ಅಮ್ಮಾ, ತುಂಬಾ ಜಾಸ್ತಿ ಆಯ್ತು, ಬನ್ನಿ” ಅಂತ ಕರೆದುಕೊಂಡು ಹೊರಟುಬಿಟ್ಟೆ. ವ್ಯಾನ್ ಹತ್ತಿದ ಮೇಲೆ ಡ್ರೈವರ್ ಬಿಡಿಸಿ ಹೇಳಿದರು. ರಿಯಾಲ್ ಅಂತ ಅಲ್ಲಿ ನಾಣ್ಯವೇ ಇಲ್ಲ, ಅದು ಹಳಬರ ಬಾಯಲ್ಲಿ ಉಳಿದ ಲೆಕ್ಕ. ಇಪ್ಪತ್ತು ರಿಯಾಲ್ ಸೇರಿದರೆ ಒಂದು ದಿರ್ಹಮ್. ಅಜ್ಜ ಕೇಳಿದ್ದು ಬರೀ 5 ದಿರ್ಹಮ್! ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಮೋಸಗಾರನ ಹಾಗೆ ನೋಡಿದೆನಲ್ಲ ಅಂತ ರಾತ್ರಿಯೆಲ್ಲ ಮನಸ್ಸು ಚುಚ್ಚಿತು. ಬೆಳಿಗ್ಗೆ ಅದೇ ಅಜ್ಜನ ಹತ್ತಿರ ಹೋಗಿ ಆಲಿವ್ ತಂದೆವು.

ಮರುದಿನ ಹೈ ಅಟ್ಲಾಸ್ ಬೆಟ್ಟದ ಇಮ್ಲಿಲ್ ಹತ್ತಿರ ಒಂದು ಮನೆಯಲ್ಲಿ ಊಟ. ಅಡುಗೆ ಮಾಡಿದ ತಾಯಿಗೆ ಅರಬ್ಬಿಯಲ್ಲಿ ಧನ್ಯವಾದ ಹೇಳಲು ‘ಶುಕ್ರನ್’ ಅಂದೆ. ಅವರು ತಲೆಯಾಡಿಸಿದರು, ಅಷ್ಟೇ. ‘ತನ್ಮಿರ್ತ್ ಅನ್ನಿ’ ಅಂತ ಡ್ರೈವರ್ ಪಿಸುಗುಟ್ಟಿದರು. ಅಂದೆ. ಆ ತಾಯಿ ನನ್ನ ಕೈ ಹಿಡಿದುಕೊಂಡರು. ಅವರ ಮಾತು ತಶೆಲ್ಹಿತ್, ಅದರಲ್ಲಿ ಧನ್ಯವಾದಕ್ಕೆ ‘ತನ್ಮಿರ್ತ್’ ಅನ್ನುತ್ತಾರೆ. ಅದು ಅರಬ್ಬಿಯಲ್ಲ, ಅರಬ್ಬಿ ಬರುವ ಮೊದಲಿನಿಂದಲೂ ಅಲ್ಲಿದ್ದ ಅಮಾಜಿಗ್ ಭಾಷೆಗಳಲ್ಲಿ ಒಂದು. 2011ರ ಸಂವಿಧಾನ ಅಮಾಜಿಗ್ ಭಾಷೆಗೂ ಅಧಿಕೃತ ಸ್ಥಾನ ಕೊಟ್ಟಿದೆ. ಈಗ ಸರ್ಕಾರಿ ಕಚೇರಿಗಳ ಬೋರ್ಡಿನಲ್ಲಿ ಅದರ ಲಿಪಿಯಾದ ತಿಫಿನಾಗ್ ಅಕ್ಷರ ಕಾಣುತ್ತದೆ. ನಮ್ಮ ಮನೆಮಾತು ತುಳು. ದೂರದ ಊರಿನವರು ನಮ್ಮ ಮಾತಿನಲ್ಲೇ ಧನ್ಯವಾದ ಹೇಳಿ ‘ಸೊಲ್ಮೆಲು’ ಅಂದರೆ ಎಷ್ಟು ಖುಷಿಯಾಗುತ್ತದೆ ಅಂತ ನನಗೆ ಗೊತ್ತು, ಅಲ್ವಾ?

ಔಷಧಿ ಅಂಗಡಿ, ಬ್ಯಾಂಕು, ಹೋಟೆಲಿನ ಬಿಲ್ಲಿಗೆ ಫ್ರೆಂಚ್ ಬೇಕು. ಉತ್ತರದ ತೆತುವಾನ್, ಶೆಫ್‌ಶಾವೆನ್ ಕಡೆ ಸ್ಪ್ಯಾನಿಷ್ ಹೆಚ್ಚು ನಡೆಯುತ್ತದೆ. 1912ರಿಂದ 1956ರವರೆಗೆ ಆ ಭಾಗ ಸ್ಪೇನಿನ ಹಿಡಿತದಲ್ಲಿತ್ತು.

ಈಗ ನನ್ನ ಹಾಳೆಯಲ್ಲಿ ಊರಿಗೊಂದು ಸಾಲು. ಮೊದಲ ಸಂಜೆಯೇ ಡ್ರೈವರ್ ಪಕ್ಕ ಕೂತು ಊರೂರಿನ ಮಾತು ಕೇಳಿ ಬರೆದುಕೊಳ್ಳುತ್ತೇನೆ. ಇಮ್ಲಿಲ್ ಮುಂದೆ ‘ತನ್ಮಿರ್ತ್’ ಅಂತ ದಪ್ಪ ಅಕ್ಷರದಲ್ಲಿದೆ. ಬೆಟ್ಟ ಹತ್ತುವಾಗ ವ್ಯಾನಿನಲ್ಲಿ ಎಲ್ಲರೂ ಅದನ್ನು ಒಟ್ಟಿಗೆ ಹೇಳಿ ರೂಢಿ ಮಾಡಿಕೊಳ್ಳುತ್ತಾರೆ.